ಹೆಡ್‌ಲೈಟ್ ಹಿಂದಕ್ಕೆ ತಿರುಗುವ ಜೀಪು ನೋಡಿದ್ದೀರಾ?

ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನ ಬಾನೆಟ್ ಎತ್ತಿ. ಹೆಡ್‌ಲೈಟಿನ ಬುಡದಲ್ಲಿ ಒಂದು ವಿಂಗ್ ನಟ್ ಕಾಣುತ್ತೆ. ಸ್ಪ್ಯಾನರ್ ಬೇಡ, ಬೆರಳಲ್ಲೇ ಸಡಿಲ ಮಾಡಿ. ಈಗ ಲೈಟನ್ನು ಮೇಲಕ್ಕೆತ್ತಿ. ಏನಾಗುತ್ತೆ, ಹೇಳಿ ನೋಡೋಣ?

ಲೈಟು ಪೂರ್ತಿ ಹಿಂದಕ್ಕೆ ಮಗುಚಿಕೊಂಡು ಎಂಜಿನ್ ಮೇಲೆ ಬೆಳಕು ಬಿಡುತ್ತೆ! ಕಗ್ಗತ್ತಲಲ್ಲಿ ಗಾಡಿ ಕೆಟ್ಟು ನಿಂತರೆ ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕಿಲ್ಲ. ಜೀಪೇ ತನ್ನ ರಿಪೇರಿಗೆ ತಾನೇ ದೀಪ ಹಿಡಿಯುತ್ತೆ!

ಇನ್ನೊಂದು. ಇದಕ್ಕೆ ಪೆಟ್ರೋಲ್ ಎಲ್ಲಿಂದ ಹಾಕಬೇಕು? ಹಿಂದಿನಿಂದ? ಪಕ್ಕದಿಂದ? ಎರಡೂ ಅಲ್ಲ. ಡ್ರೈವರ್ ಎದ್ದು ಇಳಿಯಬೇಕು, ಸೀಟು ಎತ್ತಬೇಕು. ಟ್ಯಾಂಕು ಇರುವುದು ಅಲ್ಲಿ! 50 ಲೀಟರಿಗೂ ಹೆಚ್ಚು ಪೆಟ್ರೋಲಿನ ಮೇಲೆ ಕೂತುಕೊಂಡೇ ಸೈನಿಕರು ಯುದ್ಧ ಮಾಡಿದರು.

ಇದನ್ನೆಲ್ಲ ನೋಡಲು ಅಮೆರಿಕದ ಮ್ಯೂಸಿಯಮ್ಮಿಗೆ ಹೋಗಬೇಕೇ? ಬೇಡವೇ ಬೇಡ. ಬೆಂಗಳೂರಿನ ಹೊರವಲಯ ಸಾಕು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಎಲೆಕ್ಟ್ರಿಕ್ ಕಾರಿನ ಪಕ್ಕ ಟಾರ್ಪಾಲು ಹೊದ್ದು ನಿಂತಿರುವುದು ಏನು? ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ, ಜಿಗಣಿ ಕಡೆಯ ಶೆಡ್ಡಿನಲ್ಲಿ ಬರೀ ಚಾಸಿಸ್ ಆಗಿ ಕೂತಿರುವುದು ಏನು? ಹಳೇ ಫೋರ್ ವೀಲ್ ಡ್ರೈವ್! ವಾರವೆಲ್ಲ ಕೋಡ್ ಬರೆಯುವ ಕೈಗಳು ಭಾನುವಾರ ಗ್ರೀಸ್ ಮೆತ್ತಿಕೊಳ್ಳುತ್ತವೆ.

ಈ ಹುಚ್ಚು ಹಿಡಿಯುವುದು ಏಕೆ ಗೊತ್ತೇ? ಈ ಗಾಡಿಯ ಒಂದೊಂದು ಅಂಕಿಯೂ ಬೆರಗು!

1940ರಲ್ಲಿ ಅಮೆರಿಕದ ಸೇನೆ ಕಂಪನಿಗಳ ಮುಂದೆ ಒಂದು ಸವಾಲಿಟ್ಟಿತು. ಹೊಸ ಗಾಡಿಯ ಮಾದರಿ ಬೇಕು. ಗಡುವು ಎಷ್ಟು? ಎರಡು ವರ್ಷ? ಒಂದು ವರ್ಷ? 49 ದಿನ! ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿತು. ಆತ ಎರಡೇ ದಿನದಲ್ಲಿ ನಕ್ಷೆ ಎಳೆದ. ಸೆಪ್ಟೆಂಬರ್ 23ಕ್ಕೆ ಗಾಡಿ ಸೇನೆಯ ಅಂಗಳದಲ್ಲಿತ್ತು!

ಆದರೆ ಸೇನೆಯ ದೊಡ್ಡ ಆರ್ಡರ್ ಹೋದದ್ದು ಬೇರೆ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ತಯಾರಿಸಿದ ಜೀಪುಗಳು ಸುಮಾರು 6,40,000.

ಈಗ ನನಗೆ ಅತಿ ಪ್ರಿಯವಾದ ಪ್ರಶ್ನೆ. ಫಸ್ಟ್ ಗೇರ್ ಹಾಕಿ, ಲೋ ರೇಂಜ್ ಹಾಕಿ. ಚಕ್ರ ಒಂದೇ ಒಂದು ಸುತ್ತು ಸುತ್ತಲು ಎಂಜಿನ್ ಎಷ್ಟು ಸುತ್ತಬೇಕು? ಲೆಕ್ಕ ಹಾಕಿ. ಗೇರ್ ಬಾಕ್ಸಿನಲ್ಲಿ 2.66. ಟ್ರಾನ್ಸ್‌ಫರ್ ಕೇಸಿನಲ್ಲಿ 1.97. ಆಕ್ಸಲ್ಲಿನಲ್ಲಿ 4.88. ಮೂರನ್ನೂ ಗುಣಿಸಿ. 25ಕ್ಕೂ ಹೆಚ್ಚು ಸುತ್ತು! ಕೇವಲ 60 ಕುದುರೆ ಶಕ್ತಿಯ ಎಂಜಿನ್ ಕಡಿದಾದ ಏರುಗಳನ್ನು ಏರಿದ್ದು ಈ ಗುಣಾಕಾರದ ಬಲದಿಂದ!

ಸಂಗ್ರಾಹಕರು ಜೀಪಿನ ಮುಂದೆ ಮಂಡಿಯೂರಿ, ಬಟ್ಟೆ ಹಿಡಿದು ಒಂದೊಂದೇ ಬೋಲ್ಟ್ ಉಜ್ಜುವುದನ್ನು ನೋಡಿದ್ದೀರಾ? ಹುಡುಕುತ್ತಿರುವುದು ಏನನ್ನು?

ಒಂದು ಅಕ್ಷರ! ಎಫ್!

ವಿಲ್ಲೀಸ್ ಒಂದಕ್ಕೇ ಬೇಡಿಕೆ ಪೂರೈಸಲು ಆಗದೆ ಫೋರ್ಡ್ ಕೂಡ ಅದೇ ವಿನ್ಯಾಸದ ಜೀಪು ಮಾಡಿತು. ಆದರೆ ತನ್ನ ಭಾಗಗಳ ಮೇಲೆಲ್ಲ ತನ್ನ ಬಳುಕು ಬರಹದ ಎಫ್ ಒತ್ತಿತು. ಬ್ರಾಕೆಟ್ ಮೇಲೆ ಎಫ್. ಕೊಕ್ಕೆಯ ಮೇಲೆ ಎಫ್. ಬೋಲ್ಟಿನ ತಲೆಯ ಮೇಲೂ ಎಫ್! ನಾಲ್ಕು ಪದರ ಬಣ್ಣ ಕೆರೆದಾಗ ತುಕ್ಕಿನ ನಡುವಿನಿಂದ ಆ ಅಕ್ಷರ ಎದ್ದು ಬರುವ ಗಳಿಗೆ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲು ಆಗದು!

ನಮ್ಮ ರಸ್ತೆಗಳಲ್ಲಿ ಹೆಚ್ಚು ಸಿಗುವುದು ಮಾತ್ರ ಮಹೀಂದ್ರ. 1947ರಲ್ಲಿ 75 ಜೀಪುಗಳು ಬಿಡಿಬಿಡಿಯಾಗಿ ಬಾಂಬೆಗೆ ಬಂದವು, ಅಲ್ಲಿಂದ ಶುರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಎತ್ತರದ ಬಾನೆಟ್ಟಿನ ಜೀಪು ನೋಡಿರುತ್ತೀರಿ. ಆ ಬಾನೆಟ್ ಏಕೆ ಅಷ್ಟು ಎತ್ತರ? ಅಂದಕ್ಕಾಗಿ? ಅಲ್ಲ! ಹೊಸ ಎಂಜಿನ್ನಿನ ಇನ್‌ಟೇಕ್ ವಾಲ್ವು ತಲೆಯ ಮೇಲೆ ಬಂತು, ಎಂಜಿನ್ ಎತ್ತರವಾಯಿತು, ಹಳೇ ಬಾನೆಟ್ ಮುಚ್ಚಲಿಲ್ಲ. ಎತ್ತಿಬಿಟ್ಟರು, ಅಷ್ಟೇ! ಅಮೆರಿಕದಲ್ಲಿ ಈ ಸಿಜೆ-3ಬಿ ಹುಟ್ಟಿದ್ದು 1953ರಲ್ಲಿ, ನಿಂತಿದ್ದು 1968ರಲ್ಲಿ. ನಮ್ಮಲ್ಲಿ ಅದೇ ಮುಖ 21ನೇ ಶತಮಾನಕ್ಕೂ ನಡೆದು ಬಂತು!

ಆದರೆ 70 ವರ್ಷದ ಗಾಡಿಯ ಗೇರ್ ಮುರಿದರೆ? ಅಂಗಡಿಯಲ್ಲಿ ಸಿಗುತ್ತಾ? ಸಿಗದಿದ್ದರೆ?

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯ ಇದೆ!

ನಿಜಕ್ಕೂ ಮೈ ಜುಮ್ಮೆನ್ನುವುದು ಇಲ್ಲಿ. ಹಲ್ಲು ಮುರಿದ ಗೇರನ್ನು ಲೇತ್ ಅಂಗಡಿಯ ಮೇಜಿನ ಮೇಲಿಡಿ. ಡ್ರಾಯಿಂಗ್ ಇಲ್ಲ, ಪಾರ್ಟ್ ನಂಬರ್ ಇಲ್ಲ. ಮೇಸ್ತ್ರಿ ವರ್ನಿಯರ್ ಹಿಡಿಯುತ್ತಾರೆ. ಹಲ್ಲು ಎಣಿಸುತ್ತಾರೆ. ಹೊರವ್ಯಾಸ ಅಳೆಯುತ್ತಾರೆ. ಉಗುರಿನಿಂದ ಸವೆತ ತಡವಿ ನೋಡುತ್ತಾರೆ. ಸಿಗರೇಟು ಪ್ಯಾಕಿನಷ್ಟು ಚೂರು ಕಾಗದದ ಮೇಲೆ ನಾಲ್ಕು ಅಂಕಿ ಗೀಚುತ್ತಾರೆ. ಅಷ್ಟರಿಂದಲೇ ಹೊಸ ಗೇರ್ ಹುಟ್ಟುತ್ತೆ!

ಇ.ಎನ್.353 ಉಕ್ಕಿನ ದುಂಡು ತುಂಡಿಗೆ ಒಂದು ಶೆಡ್ಡಿನಲ್ಲಿ ಟರ್ನಿಂಗ್. ಪಕ್ಕದ ಬೀದಿಯಲ್ಲಿ ಹಾಬಿಂಗ್, ಹಲ್ಲು ಕತ್ತರಿಸುವ ಕೆಲಸ. ಮತ್ತೊಂದು ಕಡೆ ಹೀಟ್ ಟ್ರೀಟ್‌ಮೆಂಟ್: ಹಲ್ಲಿನ ಮೈ ಗಡುಸಾಗಬೇಕು, ಒಳಗಿನ ತಿರುಳು ಮಾತ್ರ ಪೆಟ್ಟು ತಾಳುವಷ್ಟು ಮೆದುವಾಗಿಯೇ ಉಳಿಯಬೇಕು. ಕೊನೆಗೆ ಗ್ರೈಂಡಿಂಗ್. ಇಷ್ಟೂ ಪೀಣ್ಯ ದಾಟದೆ!

ಈ ಕೈಚಳಕ ಎಲ್ಲಿಂದ ಬಂತು? ಪಕ್ಕದ ಜಾಲಹಳ್ಳಿ ನೆನಪಿಸಿಕೊಳ್ಳಿ. 1953ರಲ್ಲಿ ಶುರುವಾದ ಎಚ್‌ಎಂಟಿ, ಅದರ ಜೊತೆಗೆ ಬಿಇಎಲ್. ಆ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಲೇ ಪಳಗಿದ ಊರು ಇದು. ನನ್ನ ಪ್ರಕಾರ ಭಾರತದಲ್ಲಿ ಹಳೇ ಜೀಪು ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ!

ಇನ್ನು ಬಿಡಿ ಸಾಮಾನಿನ ಲೋಕ. ಅದೇ ಬೇರೆ ಮೋಡಿ!

ಮುಂದಿನ ಚಕ್ರದ ನಡುವೆ ಒಂದು ಗುಂಡಿ ನೋಡಿ. ಬೆರಳಲ್ಲಿ ತಿರುಗಿಸಬಹುದು. ಒಂದು ಕಡೆ ‘ಫ್ರೀ’, ಇನ್ನೊಂದು ಕಡೆ ‘ಲಾಕ್’. ಇದು ಫ್ರೀ ವೀಲಿಂಗ್ ಹಬ್. ಏಕೆ ಬೇಕಿತ್ತು? ಟಾರು ರಸ್ತೆಯಲ್ಲಿ ಟೂ ವೀಲ್ ಡ್ರೈವಿನಲ್ಲಿ ಹೋದರೂ ಮುಂದಿನ ಆಕ್ಸಲ್ಲು, ಕ್ರೌನು, ಜಾಯಿಂಟ್ ಶಾಫ್ಟು ಎಲ್ಲ ಕಾಳಿಲ್ಲದ ಗಾಣದ ಹಾಗೆ ಸುಮ್ಮನೆ ಸುತ್ತುತ್ತಲೇ ಇರುತ್ತಿದ್ದವು. ಪೆಟ್ರೋಲ್ ದಂಡ, ಸವೆತ ಬೇರೆ. ಸೇನೆ ಮಾರಿದ ಜೀಪುಗಳಿಗೆಂದೇ 1948ರಲ್ಲಿ ಸಿಯಾಟಲ್ ಬಳಿ ಆರ್ಥರ್ ವಾರ್ನ್ ಎಂಬಾತ ಈ ಹಬ್ ತಯಾರಿಸತೊಡಗಿದ. ಒಂದು ತಿರುವು, ಚಕ್ರ ಬಿಡುಗಡೆ! ಮುಂದೆ 1959ರಲ್ಲಿ ಎಲೆಕ್ಟ್ರಿಕ್ ವಿಂಚ್ ತಂದದ್ದೂ ಆತನ ಕಂಪನಿಯೇ. ಇವತ್ತು ಹಳೇ ಹಬ್ಬಿನ ಒಂದು ಜೋಡಿಗಾಗಿ ಜನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಅಂಗಡಿ ಎಲ್ಲ ಜಾಲಾಡುತ್ತಾರೆ!

ಹಿಂದೆ ನೇತಾಡುವ ಜೆರ‍್ರಿ ಕ್ಯಾನಿಗೆ ಹಿಡಿಕೆ ಎಷ್ಟು? ಒಂದಲ್ಲ, ಮೂರು! ಏಕೆ? ಖಾಲಿ ಇದ್ದರೆ ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು ಹಿಡಿಯಬಹುದು. 20 ಲೀಟರ್ ತುಂಬಿದ್ದರೆ ಇಬ್ಬರು ಆಚೆಗೊಬ್ಬ ಈಚೆಗೊಬ್ಬ ಎತ್ತಬಹುದು. ಜರ್ಮನ್ನರ ಈ ಬುದ್ಧಿಯನ್ನು ಅವರ ಶತ್ರುಗಳೇ ನಕಲು ಮಾಡಿದರು!

ಟೈರು? ಯುದ್ಧದ ಜೀಪಿನ ಅಳತೆ 6.00-16. ಈಗ ಎಲ್ಲಿ ಸಿಗುತ್ತೆ? ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಟ್ರ್ಯಾಕ್ಟರ್ ಟೈರ್ ಅಂಗಡಿಗೆ ಹೋಗಿ. ಟ್ರ್ಯಾಕ್ಟರಿನ ಮುಂದಿನ ಚಕ್ರದ್ದೂ ಅದೇ ಅಳತೆ!

ಜೀಪೊಂದೇ ಅಲ್ಲ. ಜಬಲ್ಪುರದ ಸೇನಾ ಕಾರ್ಖಾನೆಯ ಜೋಂಗಾ ಇದೆ: ನಿಸ್ಸಾನ್ ವಿನ್ಯಾಸ, ಆರು ಸಿಲಿಂಡರ್, 3956 ಸಿಸಿ, 1969ರಿಂದ 1999ರವರೆಗೆ ತಯಾರಿ. ಅದರ ಪಕ್ಕದಲ್ಲೇ 1985ರ ಮಾರುತಿ ಜಿಪ್ಸಿ, ಬರೀ 970 ಸಿಸಿ. ಕೆಸರಿನಲ್ಲಿ ಯಾವುದು ಮೊದಲು ಆಚೆ ಬರುತ್ತೆ? ಹಗುರ ಜಿಪ್ಸಿಯ ಮೇಲೆಯೇ ನನ್ನ ಪಣ!

ಉತ್ಸಾಹದಲ್ಲಿ ಒಂದು ಮಾತು ಮರೆಯಬೇಡಿ. ಮುಂದೆ ದಪ್ಪ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಬಿಗಿಸುವ ಆಸೆ ಬೇಡ. ಅದರ ವಿರುದ್ಧ ಕ್ರಮ ಕೈಗೊಳ್ಳಿ ಎಂದು 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಮೂಲ ರೂಪ ಬದಲಿಸುವುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಒಪ್ಪಿಲ್ಲ. ಮೂಲ ರೂಪದಲ್ಲೇ ಉಳಿಸಿಕೊಂಡರೆ? ಬಹುಮಾನವೇ ಇದೆ! 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಪಟ್ಟ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಬಾಳಿಕೆ. ದಿನನಿತ್ಯದ ಓಡಾಟಕ್ಕಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಉಂಟು.

ನಿಮ್ಮ ಅಜ್ಜನ ತೋಟದಲ್ಲಿ, ಮಾವನ ಕೊಟ್ಟಿಗೆಯಲ್ಲಿ ಅಂಥದ್ದೊಂದು ಗಾಡಿ ನಿಂತಿದೆಯೇ? ದಯವಿಟ್ಟು ಕೆಜಿ ಲೆಕ್ಕಕ್ಕೆ ತೂಗಿ ಕೊಡಬೇಡಿ. ಮೊದಲು ಬೀರು ತೆಗೆದು ಆರ್‌ಸಿ ಬುಕ್ ಹುಡುಕಿ. ಚಾಸಿಸ್ ನಂಬರಿನ ಫೋಟೊ ತೆಗೆದಿಡಿ. ಆಮೇಲೆ ಪೀಣ್ಯದ ದಾರಿ ಹಿಡಿಯಿರಿ!