ಕಡಲ ದಂಡೆಯ ಮದುವೆ, ತೋಟದ ಲೆಕ್ಕ



ಕಳೆದ ವರ್ಷ ಅಡಿಕೆ ಕೊಯ್ಲಿನ ಸಮಯದಲ್ಲಿ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, "ಸೆಕ್ರೆಟರಿಗಳೇ, ಮಗಳ ಮದುವೆ ನಿಶ್ಚಯವಾಯಿತು. ಮರವಂತೆಯ ಕಡಲ ದಂಡೆಯಲ್ಲೇ ಆಗಬೇಕಂತೆ. ಎಷ್ಟು ಸಾಲ ಸಿಕ್ಕೀತು?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲ. ಮಕ್ಕಳು ಬೆಂಗಳೂರಿನಲ್ಲಿರುವ ಅನೇಕ ಮನೆಗಳಲ್ಲಿ ಈಗ ಇದೇ ಮಾತು. ಆದುದರಿಂದ ನಾವಿಬ್ಬರೂ ಕುಳಿತು ಹಾಕಿದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳ ಆಸೆಯಲ್ಲಿ ತಪ್ಪೇನೂ ಇಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಂಥ ನೋಟ ಎಲ್ಲೆಡೆ ಸಿಗದು. ಘಟ್ಟ ಇಳಿದು ಧರ್ಮಸ್ಥಳದಲ್ಲೋ ಕೊಲ್ಲೂರಿನಲ್ಲೋ ಮದುವೆ ಮಾಡಿಕೊಂಡು ಬಂದ ಹಿರಿಯರು ನಮ್ಮಲ್ಲೂ ಇದ್ದಾರೆ.

ಮೊದಲನೆಯದು ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಮಳೆ. ಆಮೇಲೆ ನಮಗೆ ಅಡಿಕೆ ಮತ್ತು ಅರೇಬಿಕಾ ಕೊಯ್ಲು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಮಲೆನಾಡಿನ ವೃದ್ಧರು ಕೆಳಗೆ ಬಳಲುತ್ತಾರೆ. ಉಳಿಯುವುದು ಮಾಘ, ಫಾಲ್ಗುಣ. ಆಗಲೂ ರೋಬಸ್ಟಾ ಇದ್ದವರಿಗೆ ಹೂವಿಗೆ ನೀರು ಹಾಯಿಸುವ ಕೆಲಸವಿದೆ. ಪಂಚಾಂಗದ ಜೊತೆಗೆ ತೋಟವನ್ನೂ ನೋಡಿ ಮುಹೂರ್ತ ಇಡಿಸಬೇಕು.

ಎರಡನೆಯದು ಕಡಲು. ಅಲ್ಲಿ ದಿನಕ್ಕೆ ಎರಡು ಸಲ ಭರತವಿದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಇನ್ನೂ ಮೇಲೇರುತ್ತದೆ. ಹಿಂದಿನ ಸಂಜೆ ಒಣಗಿದ್ದ ಮರಳಿನಲ್ಲಿ ಬೆಳಿಗ್ಗೆ ಚಪ್ಪರದ ಕಂಬ ನಿಲ್ಲದೆ ಹೋಗಬಹುದು. ಹೊತ್ತೇರಿದಂತೆ ಕಡಲಿನಿಂದ ಗಾಳಿ ಬೀಸತೊಡಗುವುದರಿಂದ ಹೋಮ ಬೆಳಗಿನಲ್ಲೇ ಮುಗಿಯುವುದು ಲೇಸು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಜಾರಿಯಲ್ಲಿದೆ. ಹೋಟೆಲಿನವರ ಬಾಯಿಮಾತು ನಂಬದೆ, ದಂಡೆಯಲ್ಲಿ ಚಪ್ಪರಕ್ಕೆ ಅನುಮತಿ ಇದೆಯೇ ಎಂದು ಕಾಗದ ಕೇಳಿ ನೋಡಬೇಕು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮತ್ತೊಂದು ಮಾತು: ಘಟ್ಟದ ಮೇಲಿನ ನಮ್ಮ ಹುಡುಗರಿಗೆ ಹೊಳೆ ಗೊತ್ತು, ಕಡಲು ಗೊತ್ತಿಲ್ಲ. ಮದುವೆಯ ಗಲಾಟೆಯಲ್ಲಿ ಅವರು ನೀರಿಗಿಳಿಯದಂತೆ ಕಾಯಲು ಊರಿನ ಮೀನುಗಾರರೊಬ್ಬರನ್ನು ಗೊತ್ತುಮಾಡಿಡಿ.

ಮೂರನೆಯದು ಜನ. ನಮ್ಮ ಸದಸ್ಯರ ಪಟ್ಟಿಯಲ್ಲಿ 600 ಹೆಸರು. ಆಗುಂಬೆಯ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದು ಕಷ್ಟ. ಮಿನಿ ಬಸ್ಸುಗಳೇ ಆಗಬೇಕು. 600 ಜನಕ್ಕೆ ಎಷ್ಟು ಬಸ್ಸು, ಎಷ್ಟು ಕೋಣೆ, ಎಷ್ಟು ಹೊತ್ತಿನ ಊಟ? ಲೆಕ್ಕ ಅಲ್ಲಿಗೇ ಕೈಮೀರಿತು.

ಕೊನೆಯದು ಹಣ. ಬೆಳೆಸಾಲ ಇರುವುದು ಗೊಬ್ಬರ, ಔಷಧಿ, ಕೂಲಿಗೆ. ಅದನ್ನು ಮದುವೆಗೆ ತಿರುಗಿಸಿ ವಾಯಿದೆಗೆ ಕಟ್ಟಲಾಗದಿದ್ದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ. ಫಾಲ್ಗುಣದಲ್ಲಿ ಕೈ ಬರಿದಾದರೆ ಮೇ ಕೊನೆಗೆ ಮೈಲುತುತ್ತು, ಸುಣ್ಣ ಕೊಳ್ಳಲು, ಕೊನೆಗಾರನಿಗೆ ಕೊಡಲು ಹಣವಿರುವುದಿಲ್ಲ. ಮಳೆಗೆ ಮುಂಚೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯದೆ, 40-45 ದಿನದ ಮೇಲೆ ಎರಡನೆಯ ಸಲವೂ ತಪ್ಪಿದರೆ ಕೊಳೆರೋಗ ಬಿಡುತ್ತದೆಯೇ? ಒಂದು ದಿನದ ಸಂಭ್ರಮಕ್ಕೆ ಮುಂದಿನ ಫಸಲನ್ನೇ ತೆತ್ತಂತಾಗುತ್ತದೆ.

ಆದುದರಿಂದ ನನ್ನ ಸಲಹೆ ಇಷ್ಟೇ: ಔಷಧಿಯ ಹಣವನ್ನು ಮೊದಲು ಬೇರೆ ತೆಗೆದಿಡಿ, ಉಳಿದುದರಲ್ಲಿ ಮದುವೆಯ ಲೆಕ್ಕ ಹಾಕಿ.

ಮುಂದಿನ ವಾರ ಮಗಳೇ ತಂದೆಯೊಡನೆ ಕಚೇರಿಗೆ ಬಂದಳು. ಲೆಕ್ಕ ನೋಡಿ, "ಅಪ್ಪಯ್ಯ, ಕಡಲು ಬೇಕೆಂದದ್ದು ನಾನು, 600 ಜನ ಬೇಕೆಂದದ್ದು ನೀವು" ಎಂದಳು. ನಾವಿಬ್ಬರೂ ನಿರುತ್ತರರಾದೆವು. ಮೂಡಿಗೆರೆಯಲ್ಲಿ ಕಾಫಿ ಬೆಳೆದ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ಎಷ್ಟು ಸರಳವಾಗಿ ನಡೆಯಿತೆಂಬುದನ್ನು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದೆ. ಆ ದಿನ ಮಾತ್ರ ನೆನಪಾಗಿರಲಿಲ್ಲ.

ಪಟ್ಟಿ 80ಕ್ಕೆ ಇಳಿಯಿತು. ಮಾಘದಲ್ಲಿ ದಂಡೆಯ ಹಿಂದಿನ ತೆಂಗಿನ ತೋಟದಲ್ಲಿ ಬೆಳಿಗ್ಗೆ ಧಾರೆ, ಸಪ್ತಪದಿ ನಡೆದವು. ಸಂಜೆ ಸೂರ್ಯಾಸ್ತದ ಹೊತ್ತಿಗೆ ಮರಳಿನ ಮೇಲೆ ಫೋಟೋ. ಯುಗಾದಿ ಕಳೆದ ಮೇಲೆ ಮನೆಯ ಅಂಗಳದಲ್ಲಿ ಚಪ್ಪರ ಹಾಕಿ ಊರವರಿಗೂ ತೋಟದ ಕೆಲಸದವರಿಗೂ ಊಟ ಬಡಿಸಿದರು. ವಿವಾಹ ನೋಂದಣಿಯನ್ನೂ ಮರೆಯಲಿಲ್ಲ.

ಮೇ ಕೊನೆಯ ವಾರ ಅದೇ ಸದಸ್ಯರು ಮತ್ತೆ ಕಚೇರಿಗೆ ಬಂದರು. ನಗದು ಎಣಿಸಿಕೊಟ್ಟು ಮೈಲುತುತ್ತಿನ ಚೀಲಗಳನ್ನು ಜೀಪಿಗೆ ಹಾಕಿಸಿಕೊಂಡರು. ಸಾಲದ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

— ಕಾರ್ಯದರ್ಶಿ