ಹೊಳಿ ಯಾವ ಮಳಿಗೆ ಏರತೈತಿ?

ಜುಲೈ ಹಿಡಿಯಿತೆಂದರೆ ಹಾವೇರಿ ಜಿಲ್ಲೆಯ ಹೊಳೆಸಾಲಿನ ಊರುಗಳ ಚಹಾದಂಗಡಿಗಳಲ್ಲಿ ಒಂದು ಪಂಥ ತಾನಾಗಿ ಶುರುವಾಗುತ್ತದೆ. ಈ ಸಲ ಹೊಳಿ ಯಾವ ಮಳಿಗೆ ಏರತೈತಿ? ಇಲ್ಲಿ ತಾರೀಖಿನ ಲೆಕ್ಕವಿಲ್ಲ, ಮಳೆ ನಕ್ಷತ್ರಗಳದ್ದೇ ಲೆಕ್ಕ. ಒಬ್ಬರು ಪುನರ್ವಸು ಎಂದರೆ ಇನ್ನೊಬ್ಬರು ಪುಷ್ಯ, ಹಟ ಬಿಡದವರು ಆಶ್ಲೇಷ. ಒಂದೊಂದು ಮಳೆಗೆ 13-14 ದಿನ. ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನತನಕ ಈ ಮೂರೂ ಮುಗಿಯುತ್ತವೆ. ಸೋತವರು ಒಂದು ಪ್ಲೇಟ್ ಮಿರ್ಚಿ-ಗಿರ್ಮಿಟ್ ಕೊಡಿಸಿದರೆ ಸಾಕು.

ಆಟ ಕಾಣುವಷ್ಟು ಸುಲಭವಲ್ಲ. 2019ರ ಜುಲೈ ಮುಗಿಯುವತನಕ ರಾಜ್ಯದ ಬಹುಭಾಗದಲ್ಲಿ ಬರದ ಮಾತೇ ನಡೆದಿತ್ತು. ಆಗಸ್ಟ್ ಮೊದಲ ವಾರ ದಾಟುವಷ್ಟರಲ್ಲಿ ಆಶ್ಲೇಷ ಸುರಿದು, ವರದೆ ದಂಡೆ ಮೀರಿ ಹಾನಗಲ್ಲ, ಹಾವೇರಿ ಕಡೆಯ ಹೊಲ-ಮನೆಗಳಿಗೆ ನುಗ್ಗಿತು. 2023ರಲ್ಲಿ ತಿರುಗುಮುರುಗು: ಜುಲೈ ಕೊನೆಗೆ ಜೋರು ಮಳೆ, ಆಮೇಲೆ ಬಂದದ್ದು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. 2019ರ ನೆನಪಿನಲ್ಲಿ ಆ ವರ್ಷ ಆಶ್ಲೇಷವನ್ನೇ ಹಿಡಿದು ಕೂತಿದ್ದವರ ಕಿಸೆಗೆ ಕತ್ತರಿ ಬಿದ್ದಿರಬೇಕು.

ಹಾವೇರಿಯ ಆಕಾಶ ನೋಡಿ ಹೇಳುವವರು ಸಾಮಾನ್ಯವಾಗಿ ಸೋಲುತ್ತಾರೆ. ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಕೆಂಪಾಗಿ ಏರಬಹುದು, ಏಕೆಂದರೆ ನೀರು ಹುಟ್ಟುವುದು ಮಲೆನಾಡಿನಲ್ಲಿ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಗಳ ಮಳೆ ತುಂಗೆಗೆ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಮುಂದೆ ರಾಣೆಬೆನ್ನೂರಿನ ಮಳೆ ಲೆಕ್ಕಕ್ಕೇ ಬಾರದು. ಜಾಣ ಆಟಗಾರ ಮೊದಲು ಕೇಳುವುದು ಗಾಜನೂರಿನ ಸುದ್ದಿ. ಅಲ್ಲಿನ ತುಂಗಾ ಜಲಾಶಯದ ಹೊಟ್ಟೆ ಚಿಕ್ಕದು, 3 ಟಿಎಂಸಿ ಅಡಿಯ ಆಸುಪಾಸು. ಬೇಗ ತುಂಬುತ್ತದೆ, ಆಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡುತ್ತದೆ. ಆ ನೀರು ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳ ದಂಡೆ ಮುಟ್ಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಪಂಥ ಬದಲಿಸುವುದಿದ್ದರೆ ಅಷ್ಟೇ ಬಿಡುವು.

ಭದ್ರೆಯ ಗುಣ ಬೇರೆ. ಲಕ್ಕವಳ್ಳಿಯ ಅಣೆಕಟ್ಟು 71 ಟಿಎಂಸಿ ಅಡಿಗೂ ಹೆಚ್ಚು ನೀರು ನುಂಗಬಲ್ಲದು, 186 ಅಡಿ ಮುಟ್ಟುವವರೆಗೂ ಅವಸರ ಮಾಡುವುದಿಲ್ಲ. ಅದೂ ತುಂಬಿ, ತುಂಗೆಯೂ ಉಕ್ಕಿ, ಎರಡೂ ಒಂದೇ ವಾರ ಕೂಡಲಿಗೆ ಬಂದು ಸೇರಿದ ವರ್ಷ ತುಂಗಭದ್ರೆಯ ಆರ್ಭಟ ನೋಡಬೇಕು. ಹೀಗಾಗಿ ತುಂಗಭದ್ರೆಯ ಮೇಲಿನ ಪಂಥದಲ್ಲಿ ಅರ್ಧ ಗೇಟು ತೆಗೆಯುವ ಎಂಜಿನಿಯರಿನ ಮೇಲಿನ ಪಂಥ.

ಅಪ್ಪಟ ಆಟ ಬೇಕೆಂದರೆ ವರದೆ. ಸಾಗರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ಬಳಸಿ, ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ತುಂಗಭದ್ರೆ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟಿನ ಕಡಿವಾಣವಿಲ್ಲ. ಬನವಾಸಿ ಸುತ್ತಲಿನ ಗದ್ದೆಬಯಲಿನಲ್ಲಿ ನೀರು ಹರಡಿಕೊಂಡು ನಿಧಾನವಾಗಿ ಕೆಳಗಿಳಿಯುತ್ತದೆ. ಗಳಗನಾಥದಲ್ಲಿ ತುಂಗಭದ್ರೆ ಆಗಲೇ ತುಂಬಿ ಹರಿಯುತ್ತಿದ್ದರೆ ವರದೆ ಒಳಗೆ ಹೋಗಲು ದಾರಿ ಸಿಗದೆ ಹಿಂದಕ್ಕೆ ಒತ್ತುತ್ತದೆ. ತುಂಗಭದ್ರೆಯ ಇನ್ನೊಂದು ಉಪನದಿ ಕುಮುದ್ವತಿಯ ದಾರಿಯಲ್ಲಂತೂ ಅಂಜನಾಪುರ ಜಲಾಶಯವೂ ಮದಗ-ಮಾಸೂರು ಕೆರೆಯೂ ಇವೆ. ಅವು ಕೋಡಿ ಬೀಳುವ ತನಕ ತಾಳ್ಮೆ ಬೇಕು.

ಗೆದ್ದವರಾರೆಂದು ತೀರ್ಮಾನಿಸಲು ಅಳತೆ ಬೇಡವೇ? ಅದೂ ಇದೆ. ಕೇಂದ್ರ ಜಲ ಆಯೋಗ ತುಂಗಭದ್ರೆಗೆ ಹರಳಹಳ್ಳಿಯಲ್ಲಿ, ವರದೆಗೆ ಮರೋಳದಲ್ಲಿ, ಕುಮುದ್ವತಿಗೆ ಕುಪ್ಪೇಲೂರಿನಲ್ಲಿ ನೀರು ಅಳೆಯುತ್ತದೆ. ಹೊಳೆಯ ಎತ್ತರ ತಿಳಿಯಲು ಅಳತೆಪಟ್ಟಿ ಸಾಕು. ಹರಿವು ತಿಳಿಯಲು ವೇಗವನ್ನೂ ಅಗಲ-ಆಳವನ್ನೂ ಅಳೆದು ಗುಣಿಸಬೇಕು. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯುಸೆಕ್. ಪಂಥ ಎತ್ತರದ್ದೋ ಕ್ಯುಸೆಕ್ಕಿನದೋ ಎಂದು ಮೊದಲೇ ಗೊತ್ತು ಮಾಡದಿದ್ದರೆ ಜಗಳ ಖಂಡಿತ.

ಹೀಗೆ ಮೊದಲೇ ಗೊತ್ತು ಮಾಡುವ ಬಿಗಿಯನ್ನು ಅಲಾಸ್ಕದ ನೆನಾನಾ ಊರಿನವರು ಕಲಿತು ನೂರು ವರ್ಷ ದಾಟಿದೆ. 1917ರಲ್ಲಿ ರೈಲ್ವೆ ಎಂಜಿನಿಯರುಗಳು 800 ಡಾಲರ್ ಕೂಡಿಸಿ, ಹೆಪ್ಪುಗಟ್ಟಿದ ತನನಾ ನದಿಯ ಹಿಮ ಯಾವಾಗ ಒಡೆಯುತ್ತದೆಂದು ಪಂಥ ಕಟ್ಟಿದರು. ಈಗ ಹಿಮದ ಮೇಲೆ ಮರದ ಗೂಟ ನಿಲ್ಲಿಸಿ ಗಡಿಯಾರಕ್ಕೆ ಹಗ್ಗ ಕಟ್ಟುತ್ತಾರೆ. ಹಿಮ ಸರಿದರೆ ಗಡಿಯಾರ ನಿಲ್ಲುತ್ತದೆ, ನಿಮಿಷದ ಸಮೇತ ಉತ್ತರ ಸಿಗುತ್ತದೆ. 2001ರಲ್ಲಿ ಇಬ್ಬರು ವಿಜ್ಞಾನಿಗಳು ಇದೇ ದಾಖಲೆ ಹಿಡಿದು, ವಸಂತ ಮುಂಚೆ ಬರುತ್ತಿದೆಯೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಜೂಜಿನ ಪುಸ್ತಕ ಹವಾಮಾನದ ಸಾಕ್ಷಿಯಾಯಿತು.

ನಮ್ಮಲ್ಲಿ ಅಳತೆಯ ಹಂಗಿಲ್ಲದ ಭವಿಷ್ಯವೂ ಉಂಟು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುತ್ತಾರೆ. ಹೊಳೆಯಾಚೆಯ ಮೈಲಾರದಲ್ಲಿ ಇದು ಭರತ ಹುಣ್ಣಿಮೆಯ ಜಾತ್ರೆಯಲ್ಲಿ. ನುಡಿ ಚುಟುಕು; ಮಳೆ, ಬೆಳೆ, ರಾಜಕೀಯ ಮೂರನ್ನೂ ಜನ ಅದರಿಂದಲೇ ಬಿಡಿಸಿಕೊಳ್ಳುತ್ತಾರೆ. ಅಲ್ಲಿ ಯಾರೂ ಸೋಲುವುದಿಲ್ಲ, ಗಿರ್ಮಿಟ್‌ ದುಡ್ಡೂ ಉಳಿಯುತ್ತದೆ.

ಬ್ಯಾಡಗಿಯವರ ಪಂಥ ಇನ್ನೊಂದು ಬಗೆ. ಪಟ್ಟಣಕ್ಕೆ ದೊಡ್ಡ ಹೊಳೆಯಿಲ್ಲ, ಇರುವುದು ಮೆಣಸಿನಕಾಯಿ ಮಾರುಕಟ್ಟೆ. ಮಳೆ ಅತಿಯಾಗಿ ಹೊಲದಲ್ಲಿ ನೀರು ನಿಂತರೆ ಮೆಣಸಿನ ಗಿಡದ ಬೇರು ಕೊಳೆಯುತ್ತದೆ, ಮಳೆಯೇ ಹೋದರೆ ಕಾಯಿ ಸಣ್ಣದು. ಹೊಳೆ ಯಾವ ದಿನ ಏರಿತೆಂಬುದಕ್ಕಿಂತ ನೀರು ಎಷ್ಟು ದಿನ ನಿಂತಿತೆಂಬುದೇ ದಲಾಲರ ಲೆಕ್ಕ. ಆಗಸ್ಟಿನಲ್ಲಿ ಕಟ್ಟಿದ ಆ ಪಂಥ ತೀರುವುದು ಚಳಿಗಾಲ ಕಳೆದು ಚೀಲಗಳ ಆವಕ ಏರಿದಾಗ.