ಮುಖಕ್ಕೆ ಕೊಬ್ಬು ತುಂಬುವ ಚಿಕಿತ್ಸೆ: ಫಲ ತಿಳಿಯಲು ತಿಂಗಳುಗಳೇ ಬೇಕು

ಗುಳಿಬಿದ್ದ ಕೆನ್ನೆಗೆ ಕೊಬ್ಬು ಚುಚ್ಚಿಸಿಕೊಳ್ಳುವುದನ್ನು ಹಲವರು ಸಾಮಾನ್ಯ ಇಂಜೆಕ್ಷನ್ ಎಂದೇ ಭಾವಿಸುತ್ತಾರೆ. ವಾಸ್ತವವಾಗಿ ಇದೊಂದು ಕಸಿ. ಅವರದೇ ಹೊಟ್ಟೆ ಅಥವಾ ತೊಡೆಯಿಂದ ಕೊಬ್ಬನ್ನು ಹೀರಿ, ಅದರಲ್ಲಿನ ರಕ್ತ ಹಾಗೂ ಎಣ್ಣೆಯ ಅಂಶವನ್ನು ಬೇರ್ಪಡಿಸಿ, ಮೊಂಡು ತುದಿಯ ಸಣ್ಣ ಕೊಳವೆಯಿಂದ ಮುಖದ ಪದರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇರಿಸಲಾಗುತ್ತದೆ. ಜರ್ಮನಿಯ ವೈದ್ಯ ಗುಸ್ತಾವ್ ನ್ಯೂಬರ್ 1893ರಲ್ಲಿಯೇ ತೋಳಿನ ಕೊಬ್ಬನ್ನು ಮುಖದ ಗಾಯದ ಗುಳಿಗೆ ತುಂಬಿದ್ದರು.

ಹೊಸ ಜಾಗದಲ್ಲಿ ರಕ್ತಪೂರೈಕೆ ದೊರೆತ ಕೋಶಗಳಷ್ಟೇ ಬದುಕುತ್ತವೆ. ಅರ್ಧದಷ್ಟು ಕರಗಿದರೂ ಅಚ್ಚರಿಯಿಲ್ಲ. ಮೊದಲ 2 ವಾರ ಬಾವು, ಚರ್ಮ ಕಂದುಗಟ್ಟುವುದು ಸಹಜ. ಆಗ ಕನ್ನಡಿಯಲ್ಲಿ ಕಾಣುವ ತುಂಬುಗೆನ್ನೆಯಲ್ಲಿ ಬಾವಿನ ಪಾಲೂ ದೊಡ್ಡದು. ನಿಜವಾದ ಫಲ ತಿಳಿಯುವುದು 3ರಿಂದ 6 ತಿಂಗಳ ನಂತರವೇ. ಮದುವೆಗೆ ಹದಿನೈದು ದಿನವಿರುವಾಗ ಮಾಡಿಸಿಕೊಳ್ಳುವುದು ಅವಿವೇಕ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವವರು ಅಂದೇ ಸಂಜೆ ಬಸ್ ಹತ್ತುವ ಆತುರ ತೋರಬಾರದು. ಕೊಬ್ಬು ರಕ್ತನಾಳವನ್ನು ಸೇರಿದರೆ ದೃಷ್ಟಿನಾಶ, ಪಾರ್ಶ್ವವಾಯು ಸಂಭವಿಸಬಹುದು. ಇದು ಅಪರೂಪ, ಆದರೆ ಸಂಭವಿಸಿದರೆ ನಿಮಿಷಗಳೂ ಮುಖ್ಯ. ಕಣ್ಣು ಮಂಜಾದರೆ, ಮಾತು ತೊದಲಿದರೆ, ಚರ್ಮ ಬಿಳಿಚಿಕೊಂಡರೆ ಒಡನೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಂತರದ ದಿನಗಳಲ್ಲಿ ಜ್ವರ, ಏರುವ ನೋವು ಕಂಡರೆ ಅದು ಸೋಂಕಿನ ಸೂಚನೆ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆ ನಟಿ ಚೇತನಾ ರಾಜ್ ಮೃತಪಟ್ಟದ್ದು ಓದುಗರಿಗೆ ನೆನಪಿರಬಹುದು. ಅದು ಮುಖದ ಚಿಕಿತ್ಸೆಯಲ್ಲ. ಆದರೆ ಕೊಬ್ಬು ಹೀರುವ ಹಂತ ಇಲ್ಲಿಯೂ ಉಂಟು, ಪ್ರಮಾಣ ಮಾತ್ರ ತೀರ ಕಡಿಮೆ. ಆದ್ದರಿಂದ ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ ಎಂದು ವಿಚಾರಿಸಬೇಕು; ಎರಡನೆಯ ಬಾರಿ ತುಂಬಬೇಕಾದರೆ ಶುಲ್ಕ ಪ್ರತ್ಯೇಕವೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.